ನೆಲ ಬಿಡಿಸಿ, ಬೆಳೆ ಉಳಿಸಿ: ಮೊದಲ ಸಲ ಮರಗೆಲಸ ಮಾಡುವವರಿಗೆ ಮೂರು ಪಾಠ

ಬೆಳೆ ಹಾಳಾಗೋದು ಹೊಲದಲ್ಲಿ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಹುಳ, ರೋಗ, ಅಕಾಲದ ಮಳೆ ಎಲ್ಲದಕ್ಕೂ ಲೆಕ್ಕ ಇಡ್ತೀವಿ. ಆದರೆ ಕೊಯ್ಲಾಗಿ ಮನೆಗೆ ಬಂದ ಈರುಳ್ಳಿ ಮೂಲೆಯಲ್ಲಿ ಕೊಳೆತರೆ, ಎತ್ತಿಟ್ಟ ಬೀಜ ಮುಂದಿನ ಹಂಗಾಮಿಗೆ ಮೊಳೆಯದಿದ್ದರೆ ಅದನ್ನು ನಷ್ಟದ ಪುಸ್ತಕದಲ್ಲಿ ಬರೆಯೋದೇ ಇಲ್ಲ. ಈರುಳ್ಳಿ ಹೋದರೆ ಸಂತೆಯಲ್ಲಿ ಮತ್ತೆ ತರಬಹುದು. ಮನೆಯಲ್ಲಿ ವರ್ಷಗಳಿಂದ ಉಳಿಸಿಕೊಂಡು ಬಂದ ನಾಟಿ ಬದನೆ, ಅವರೆ, ಸೋರೆ ಬೀಜ ಹೋದರೆ ಎಲ್ಲಿಂದ ತರ್ತೀರಿ? ಎಷ್ಟೋ ತಳಿ ಊರಿನ ಒಂದೇ ಮನೆಯಲ್ಲಿ ಉಳಿದಿರುತ್ತೆ.

ಸಾವಯವ ಕೃಷಿ ಶುರು ಮಾಡಿದ ಹುಡುಗರ ಮನೆಗಳಿಗೆ ನಾನು ಹೋದಾಗಲೆಲ್ಲ ಹೊಲ ನೋಡಿದ ಮೇಲೆ ದಾಸ್ತಾನು ಇಟ್ಟಿರೋ ಕೋಣೆಯನ್ನೂ ನೋಡ್ತೀನಿ. ಬಹುಪಾಲು ಕಡೆ ಒಂದೇ ಚಿತ್ರ: ಸಿಮೆಂಟ್ ನೆಲದ ಮೇಲೆ ಚೀಲ, ಗೋಡೆಗೆ ಒರಗಿಸಿದ ಕ್ರೇಟು, ಕಿಟಕಿ ಕಟ್ಟೆಯ ಬಿಸಿಲಲ್ಲಿ ಬೀಜದ ಪೊಟ್ಟಣ. ನಮ್ಮ ಹಿರಿಯರ ಮನೆಯಲ್ಲಿ ಅಟ್ಟ ಇತ್ತು, ಪಣತ ಇತ್ತು, ವಾಡೆ ಇತ್ತು. ಆರ್‌ಸಿಸಿ ಮನೆ ಬಂದ ಮೇಲೆ ಅವೆಲ್ಲ ಹೋದವು, ಅವುಗಳ ಜಾಗಕ್ಕೆ ಏನೂ ಬರಲಿಲ್ಲ.

ಆದ್ದರಿಂದ ಈ ವಾರ ಗೊಬ್ಬರ, ಕಷಾಯ ಬಿಟ್ಟು ಮರಗೆಲಸದ ಪಾಠ. ಮೂರು ಸಾಮಾನು ಮಾಡೋಣ: ಒಂದು ಕಾಲುಮಣೆ, ಒಂದು ಬೀಜದ ಶೆಲ್ಫು, ಒಂದು ಈರುಳ್ಳಿ ರ‍್ಯಾಕು. ನಮಗೆ ಬೇಕಾದ ಮರಗೆಲಸದ ಗುರಿ ಅಂದ ಅಲ್ಲ. ಬೆಳೆಗೂ ನೆಲಕ್ಕೂ, ಬೆಳೆಗೂ ಗೋಡೆಗೂ ನಡುವೆ ಗಾಳಿ ಆಡೋ ಒಂದು ಅಂತರ ಮಾಡಿಕೊಡೋದು. ಇದನ್ನು ತಲೆಯಲ್ಲಿಟ್ಟುಕೊಂಡರೆ ಯಾವ ಅಳತೆ ಎಷ್ಟಿರಬೇಕು ಅಂತ ನಿಮಗೇ ಹೊಳೆಯುತ್ತೆ.

ಯಾವ ಮರ?

ಕಲಿಯೋಕೆ ತೇಗ, ಹೊನ್ನೆ ಬೇಡ. ಹಾಸನ, ಕೊಡಗು, ಚಿಕ್ಕಮಗಳೂರು ಕಡೆಯವರಿಗೆ ಕಾಫಿ ತೋಟದ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತೆ. ಹಗುರ, ಕೊಯ್ಯೋಕೆ ಮೆತ್ತಗೆ. ಉಳಿದ ಕಡೆ ಮಾವಿನ ಹಲಗೆ ಆಗುತ್ತೆ. ಬೇವಿದ್ದರೆ ಇನ್ನೂ ಒಳ್ಳೆಯದು, ಸ್ವಲ್ಪ ಗಟ್ಟಿ ಅಷ್ಟೇ. ನೀಲಗಿರಿ ಒಣಗುವಾಗ ತಿರುಚಿಕೊಂಡು ಸೀಳೋದು ಜಾಸ್ತಿ, ಮೊದಲ ಕೆಲಸಕ್ಕೆ ಬೇಡ.

ನಿಮ್ಮದೇ ಜಮೀನಿನ ಮರ ಕಡಿಯೋದಾದರೆ ಒಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಸರ್ವೆ, ತೆಂಗು, ಸುಬಾಬುಲ್‌ನಂಥ ಮರಗಳಿಗೆ ಕಡಿಯೋ ಅನುಮತಿಯಿಂದ ವಿನಾಯಿತಿ ಇದೆ. ಬೇರೆ ಯಾವ ಮರವೇ ಆಗಲಿ, ಕೊಡಲಿ ಹಾಕೋ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಸಾಮಿಲ್‌ಗೆ ಸಾಗಿಸೋ ವಿಷಯವನ್ನೂ ಅಲ್ಲೇ ಕೇಳಿಕೊಳ್ಳಿ.

ಕೈಗಾರಿಕಾ ಪ್ರದೇಶ ಹತ್ತಿರ ಇರೋರಿಗೆ ಹಳೇ ಪ್ಯಾಲೆಟ್ ಸಿಗುತ್ತೆ. ಹೊರದೇಶದಿಂದ ಸರಕಿನ ಜೊತೆ ಬಂದ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತಿರೋ ಒಂದು ಮುದ್ರೆ ಇರುತ್ತೆ. ಅದರಲ್ಲಿ 'ಎಚ್‌ಟಿ' ಅಂತಿದ್ದರೆ ಬಿಸಿಯಿಂದ ಸಂಸ್ಕರಿಸಿದ ಮರ, ಬಳಸಬಹುದು. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟಿದ್ದು, ಆಹಾರ ಇಡೋ ಸಾಮಾನಿಗೆ ಬೇಡ. ಎಣ್ಣೆಯ ಕಲೆ, ಕೆಮಿಕಲ್ ವಾಸನೆ ಇರೋದು ಯಾವ ಮುದ್ರೆ ಇದ್ದರೂ ಬೇಡ. ಹಳೇ ಬಾಗಿಲಿನ ಬಣ್ಣವನ್ನು ಉಜ್ಜೋಕೂ ಹೋಗಬೇಡಿ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಆ ಧೂಳು ಮಕ್ಕಳಿಗೆ ವಿಷ.

ಮರವನ್ನೂ ಒಣಗಿಸಬೇಕು

ರಾಗಿ, ಭತ್ತ ಒಣಗಿಸೋಕೆ ಬಂದವರಿಗೆ ಈ ಪಾಠ ಹೊಸದೇನಲ್ಲ. ಹಸಿ ಮರದಲ್ಲಿ ಮಾಡಿದ ಸಾಮಾನು ಆರು ತಿಂಗಳಲ್ಲಿ ಕುಗ್ಗಿ, ಜೋಡಣೆ ಸಡಿಲ ಆಗಿ ಅಲ್ಲಾಡೋಕೆ ಶುರುವಾಗುತ್ತೆ.

ಸಾಮಿಲ್‌ನಲ್ಲಿ ಒಂದು ಇಂಚು ದಪ್ಪಕ್ಕೆ ಸೀಳಿಸಿ ತನ್ನಿ. ನೆರಳಲ್ಲಿ, ಗಾಳಿ ಆಡೋ ಕಡೆ, ನೆಲದಿಂದ ಒಂದಡಿ ಎತ್ತರಕ್ಕೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಪೇರಿಸಿ. ಪ್ರತಿ ಎರಡು ಹಲಗೆಯ ನಡುವೆ ಒಂದಿಂಚಿನ ಅಡ್ಡಪಟ್ಟಿ ಇರಲಿ, ಎರಡೆರಡು ಅಡಿಗೆ ಒಂದರಂತೆ, ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ. ಮೇಲೆ ನಾಲ್ಕು ಕಲ್ಲು ಹೇರಿ. ಹಲಗೆಯ ಎರಡು ತುದಿಗೂ ಉಳಿದ ಪೇಂಟೋ ಮೇಣವೋ ಬಳಿಯಿರಿ. ತುದಿಯಿಂದ ನೀರು ಬೇಗ ಆರಿ ಬಿರುಕು ಬಿಡೋದು ಇದರಿಂದ ತಪ್ಪುತ್ತೆ. ಬಿಸಿಲಲ್ಲಿ ಮಾತ್ರ ಹಾಕಬೇಡಿ, ಹಲಗೆ ದೋಣಿ ಥರ ಬಾಗುತ್ತೆ.

ಗಟ್ಟಿ ಮರಕ್ಕೆ ಇಂಚಿಗೆ ಒಂದು ವರ್ಷ ಅನ್ನೋದು ಹಳೇ ಲೆಕ್ಕ. ಸಿಲ್ವರ್ ಓಕ್‌ನಂಥ ಹಗುರ ಮರ ನಮ್ಮ ಬೇಸಿಗೆಯಲ್ಲಿ ಅದಕ್ಕಿಂತ ಬೇಗ ಆರುತ್ತೆ. ಅಂದಾಜು ಬೇಡ, ತೂಕ ಮಾಡಿ. ಅದೇ ಹಲಗೆಯಿಂದ ಒಂದಡಿ ತುಂಡು ಕೊಯ್ದು, ಅದರ ತುದಿಗೂ ಬಣ್ಣ ಬಳಿದು, ಅದೇ ಅಟ್ಟಿಯಲ್ಲಿಡಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಮೂರು ನಾಲ್ಕು ವಾರ ತೂಕ ಇಳಿಯದೆ ನಿಂತರೆ ಮರ ಒಣಗಿದೆ ಅಂತ ಅರ್ಥ. ಅಷ್ಟು ಕಾಯೋಕೆ ಆಗದವರು ಸಾಮಿಲ್‌ನಲ್ಲಿ ಒಣಗಿಸಿಟ್ಟಿರೋ ಹಲಗೆಯನ್ನೇ ಕೇಳಿ ತನ್ನಿ.

ಸಲಕರಣೆ

ಟೇಪು, ಮೂಲೆಮಟ್ಟ, ಕೈಗರಗಸ, ಡ್ರಿಲ್ ಮೆಷಿನ್, 3 ಮತ್ತು 4.5 ಎಂಎಂ ಬಿಟ್, ಸ್ಕ್ರೂಡ್ರೈವರ್, ಸುತ್ತಿಗೆ, ಎರಡು ಸಿ-ಕ್ಲ್ಯಾಂಪು, 80 ಮತ್ತು 120 ನಂಬರಿನ ಉಪ್ಪುಕಾಗದ, ಪೆನ್ಸಿಲ್ಲು. ಇಷ್ಟೇ ಸಾಕು. ಡ್ರಿಲ್ಲು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದೇ ಇರುತ್ತೆ. ಉದ್ದಕ್ಕೆ ಸೀಳೋ ಕೆಲಸ, ಕೀಸೋ ಕೆಲಸ ಸಾಮಿಲ್‌ನಲ್ಲೇ ಮಾಡಿಸಿಕೊಂಡು ಬನ್ನಿ, ಅಡ್ಡ ಕೊಯ್ಯೋದು ಮಾತ್ರ ನೀವು.

ಆಂಗಲ್ ಗ್ರೈಂಡರ್‌ಗೆ ಹಲ್ಲಿರೋ ಮರದ ಬ್ಲೇಡ್ ಹಾಕಿ ಕೊಯ್ಯೋ ವಿಡಿಯೋ ಬಹಳ ಓಡಾಡ್ತಿವೆ. ದಯವಿಟ್ಟು ಬೇಡ. ಬ್ಲೇಡು ಮರಕ್ಕೆ ಸಿಕ್ಕಿಕೊಂಡ ಕ್ಷಣಕ್ಕೆ ಮೆಷಿನ್ ಹಿಂದಕ್ಕೆ, ಅಂದರೆ ನಿಮ್ಮ ಕಡೆಗೇ ಚಿಮ್ಮುತ್ತೆ. ರೈತನಿಗೆ ಬೆರಳು ಹೋದರೆ ಹಾಲು ಕರೆಯೋದರಿಂದ ಹಿಡಿದು ಕಸಿ ಕಟ್ಟೋವರೆಗೆ ಎಲ್ಲ ಹೋಯ್ತು. ಕೈಗರಗಸದಲ್ಲಿ ಐದು ನಿಮಿಷ ಜಾಸ್ತಿ ಆಗುತ್ತೆ, ಆಗಲಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ಇರಲಿ. ಡ್ರಿಲ್ ಹಿಡಿದಾಗ ಹೆಗಲ ಮೇಲೆ ಟವಲ್ಲು, ಕಿವಿಯಲ್ಲಿ ಇಯರ್‌ಫೋನ್ ಬೇಡ.

ಕೊಯ್ಯೋ ಮುಂಚೆ ನಾಲ್ಕು ಸೂತ್ರ

ಒಂದು, ಮರ ಅಗಲಕ್ಕೆ ಹಿಗ್ಗುತ್ತೆ, ಉದ್ದಕ್ಕೆ ಹಿಗ್ಗಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗೋದು ಇದೇ ಕಾರಣಕ್ಕೆ. ಅಗಲದ ಹಲಗೆಗೆ ಅಡ್ಡಪಟ್ಟಿ ಕೂರಿಸುವಾಗ ಗೋಂದು ಹಾಕಿ ಬಿಗಿದರೆ ಹಲಗೆ ಸೀಳುತ್ತೆ. ಅಲ್ಲಿ ಸ್ಕ್ರೂ ಸಾಕು.

ಎರಡು, ಹಲಗೆಯ ಕೊಯ್ದ ತುದಿಯಲ್ಲಿ ಸ್ಕ್ರೂ ಹಿಡಿತ ಕಡಿಮೆ. ಹುಲ್ಲಿನ ಹೊರೆಗೆ ಪಕ್ಕದಿಂದ ಕೋಲು ಚುಚ್ಚಿದರೆ ನಿಲ್ಲುತ್ತೆ, ತುದಿಯಿಂದ ಚುಚ್ಚಿದರೆ ಜಾರಿ ಬರುತ್ತೆ. ಮರದ ನಾರೂ ಹಾಗೇ. ಆದಷ್ಟೂ ಪಕ್ಕದ ಅಂಚಿಗೇ ಸ್ಕ್ರೂ ಹೊಡೆಯಿರಿ.

ಮೂರು, ತೂತು ಮೊದಲು, ಸ್ಕ್ರೂ ಆಮೇಲೆ. 8 ನಂಬರಿನ ಸ್ಕ್ರೂಗೆ ಮೇಲಿನ ಹಲಗೆಯಲ್ಲಿ 4.5 ಎಂಎಂ, ಕೆಳಗಿನದರಲ್ಲಿ 3 ಎಂಎಂ ತೂತು. ಆಗ ಸ್ಕ್ರೂ ಮೇಲಿನದರಲ್ಲಿ ಸಲೀಸಾಗಿ ಹೋಗಿ ಕೆಳಗಿನದನ್ನು ಎಳೆದು ಕಚ್ಚುತ್ತೆ. ಮೇಲಿನ ಹಲಗೆಯ ದಪ್ಪದಷ್ಟಾದರೂ ಸ್ಕ್ರೂ ಕೆಳಗಿನದಕ್ಕೆ ಇಳಿಯಬೇಕು. ಒಂದಿಂಚಿನ ಹಲಗೆಗೆ ಎರಡಿಂಚಿನ ಸ್ಕ್ರೂ.

ನಾಲ್ಕು, ಚೌಕ ಸರಿ ಇದೆಯಾ ಅಂತ ಕಣ್ಣಲ್ಲಿ ನೋಡಬೇಡಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿಯಿರಿ. ಎರಡು ಅಳತೆ ಸಮ ಬಂದರೆ ಚೌಕ ಸರಿ. ಬರದಿದ್ದರೆ ಉದ್ದ ಇರೋ ಮೂಲೆಗಳನ್ನು ಒಳಕ್ಕೆ ಒತ್ತಿ ಮತ್ತೆ ಅಳೆಯಿರಿ.

ಪಾಠ 1: ಕಾಲುಮಣೆ

ಸೊಪ್ಪು ಕಟ್ಟೋಕೆ, ತರಕಾರಿ ವಿಂಗಡಿಸೋಕೆ ಕೂರೋ ಮಣೆ. ಮುಂದಿನ ಎರಡು ಕೆಲಸಕ್ಕೆ ಮರ ಇಟ್ಟು ಕೊಯ್ಯೋಕೂ ಇದೇ ಆಧಾರ. ಬೇಕಾದ್ದು: ಒಂದಿಂಚು ದಪ್ಪ, 9 ಇಂಚು ಅಗಲ, 5 ಅಡಿ ಉದ್ದದ ಒಂದೇ ಹಲಗೆ.

ಮೇಲ್ಹಲಗೆ: 16 ಇಂಚು ಉದ್ದ, 9 ಇಂಚು ಅಗಲ, ಒಂದು.
ಕಾಲು: 11 ಇಂಚು ಎತ್ತರ, 7 ಇಂಚು ಅಗಲ, ಎರಡು.
ಪಕ್ಕದ ಪಟ್ಟಿ: 12 ಇಂಚು ಉದ್ದ, ಎರಡೂವರೆ ಇಂಚು ಅಗಲ, ಎರಡು.

ಕಾಲಿನಲ್ಲಿ ಮರದ ಎಳೆ ಮೇಲಿಂದ ಕೆಳಗೆ ಓಡಬೇಕು. ಅಡ್ಡ ಎಳೆ ಬಂದರೆ ಕೂತ ದಿನವೇ ಸೀಳುತ್ತೆ. ಎರಡು ಕಾಲು ನಿಲ್ಲಿಸಿ, ಹೊರಗಿನಿಂದ ಹೊರಕ್ಕೆ 12 ಇಂಚು ಬರೋ ಹಾಗೆ, ಎರಡೂ ಪಕ್ಕದಲ್ಲಿ ಕಾಲಿನ ಅಂಚಿಗೆ ಪಟ್ಟಿ ಹಿಡಿದು ಕ್ಲ್ಯಾಂಪು ಹಾಕಿ. ಪಟ್ಟಿಯ ಮೇಲಂಚು ಕಾಲಿನ ಮೇಲಂಚಿಗೆ ಸಮ ಇರಲಿ. ಒಂದೊಂದು ಕೂಡಿಕೆಗೆ ಎರಡು ಸ್ಕ್ರೂ, ಒಂದರ ಕೆಳಗೊಂದು ನೇರ ಬರದೆ ಸ್ವಲ್ಪ ಓರೆಯಾಗಿರಲಿ. ಒಂದೇ ಎಳೆಯಲ್ಲಿ ಎರಡು ಬಿದ್ದರೆ ಬಿರುಕು ಬಿಡುತ್ತೆ. ಮೂಲೆ ಅಳೆದು ನೋಡಿ, ಕೊನೆಗೆ ಮೇಲ್ಹಲಗೆ ಇಟ್ಟು ಪಕ್ಕದ ಪಟ್ಟಿಗಳಿಗೆ ಮೇಲಿಂದ ಸ್ಕ್ರೂ ಹೊಡೆಯಿರಿ. ಕಾಲಿನ ತುದಿಗೆ ಹೊಡೆಯಬೇಡಿ, ಎರಡನೇ ಸೂತ್ರ ನೆನಪಿದೆಯಲ್ಲ.

ಪಾಠ 2: ಬೀಜದ ಶೆಲ್ಫು

ಶೆಲ್ಫು ಬೀಜವನ್ನು ಒಣಗಿಸಲ್ಲ. ಒಣಗಿದ ಬೀಜ, ಗಾಳಿಯಾಡದ ಗಾಜಿನ ಬಾಟಲಿ, ಕತ್ತಲೆ, ತಂಪು ಈ ನಾಲ್ಕೂ ಸೇರಬೇಕು. ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಅದರ ಆಯುಸ್ಸು ಎರಡು ಪಟ್ಟಾಗುತ್ತೆ, ಇಟ್ಟ ಜಾಗದ ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಎರಡು ಪಟ್ಟಾಗುತ್ತೆ. ಇದು ಹ್ಯಾರಿಂಗ್ಟನ್ ಸೂತ್ರ ಅಂತ ನಾವು ಕಾಲೇಜಲ್ಲಿ ಓದಿದ್ದು. ಪಕ್ಕಾ ಲೆಕ್ಕವಲ್ಲ, ಅಂದಾಜಿನ ಸೂತ್ರ. ತೇವಾಂಶ ಶೇ 5ರಿಂದ 14ರ ಒಳಗಿದ್ದಾಗ ಅನ್ವಯ ಆಗುತ್ತೆ. ತರಕಾರಿ ಬೀಜವನ್ನು ಶೇ 6ರಿಂದ 8ರ ತೇವಾಂಶಕ್ಕೆ ತಂದು ಬಾಟಲಿಗೆ ಹಾಕೋದು ವಾಡಿಕೆ. ಬಿಸಿಲು ಬೀಳೋ ಕಿಟಕಿ ಕಟ್ಟೆ, ಬಿಸಿ ಹೊಡೆಯೋ ಶೀಟಿನ ಕೆಳಗಿನ ಗೂಡು ಯಾಕೆ ಬೇಡ ಅಂತ ಈಗ ಗೊತ್ತಾಯ್ತಲ್ಲ.

ಒಂದಿಂಚು ದಪ್ಪ, 6 ಇಂಚು ಅಗಲದ ಹಲಗೆ ಸುಮಾರು 14 ಅಡಿ ಬೇಕು, ಕೊಯ್ಯೋ ನಷ್ಟಕ್ಕೆ ಒಂದಡಿ ಜಾಸ್ತಿ ತನ್ನಿ.

ಪಕ್ಕದ ಹಲಗೆ: 36 ಇಂಚು, ಎರಡು.
ಅಡ್ಡ ಹಲಗೆ: 22 ಇಂಚು, ನಾಲ್ಕು.
ಆಧಾರಪಟ್ಟಿ: 1 ಇಂಚು ಚದರದ ರೀಪು, 5 ಇಂಚಿನ ಎಂಟು ತುಂಡು.
ಹಿಂಬದಿ: 6 ಎಂಎಂ ಪ್ಲೈವುಡ್, 36 ಇಂಚು ಎತ್ತರ, 24 ಇಂಚು ಅಗಲ.

ಎರಡು ಪಕ್ಕದ ಹಲಗೆಯನ್ನೂ ಒಟ್ಟಿಗೆ ಮಲಗಿಸಿ ಒಂದೇ ಸಲ ಗೆರೆ ಎಳೆಯಿರಿ, ಆಗ ಅಡ್ಡ ಹಲಗೆ ಸೊಟ್ಟ ಬರಲ್ಲ. ಕೆಳಗಿನಿಂದ 2 ಇಂಚು ಬಿಟ್ಟು ಮೊದಲ ಹಲಗೆ, ಆಮೇಲೆ 10 ಇಂಚು ಅಂತರ ಕೊಟ್ಟು ಒಂದೊಂದು. 2 ಇಂಚು ಕಾಲು, ನಾಲ್ಕು ಹಲಗೆಯ ದಪ್ಪ 4 ಇಂಚು, ಮೂರು ಅಂತರ 30 ಇಂಚು, ಒಟ್ಟು 36 ಸರಿಯಾಗಿ ಕೂರುತ್ತೆ. ಗೆರೆಯ ಕೆಳಗೆ ಆಧಾರಪಟ್ಟಿಯನ್ನು ಒಂದೂವರೆ ಇಂಚಿನ ಸ್ಕ್ರೂನಲ್ಲಿ ಕೂರಿಸಿ, ಗೋಂದು ಬೇಡ. ಪಟ್ಟಿ ಮೇಲೆ ಹಲಗೆ ಇಟ್ಟು ಕೆಳಗಿನಿಂದ ಪಟ್ಟಿಗೊಂದರಂತೆ ಸ್ಕ್ರೂ ಹಾಕಿ. ಮೂಲೆ ಅಳೆದು ಸಮ ಬಂದ ಮೇಲೇ ಹಿಂಬದಿಗೆ ಪ್ಲೈವುಡ್ ಹೊಡೆಯಿರಿ. ಶೆಲ್ಫನ್ನು ಅಲ್ಲಾಡದಂತೆ ಹಿಡಿಯೋದೇ ಈ ಪ್ಲೈವುಡ್.

4 ಇಂಚು ಅಗಲದ ಬಾಟಲಿ ಆದರೆ ಒಂದು ಅಂತಸ್ತಿಗೆ ಐದು, ಮೂರು ಅಂತಸ್ತಿಗೆ ಹದಿನೈದು ತಳಿ. ಮುಂದೆ ದಪ್ಪ ಬಟ್ಟೆಯ ಪರದೆ ಬಿಡಿ. ಉತ್ತರದ ಅಥವಾ ಪೂರ್ವದ ಗೋಡೆಗೆ ಇಡಿ, ಪಶ್ಚಿಮದ ಗೋಡೆ ಸಂಜೆ ಬಿಸಿಯಾಗುತ್ತೆ. ಗೋಡೆಗೂ ಶೆಲ್ಫಿಗೂ ಮಧ್ಯೆ ಒಂದಿಂಚಿನ ಮರದ ತುಂಡು ಕೊಟ್ಟು, ಮೇಲ್ಗಡೆ ಪ್ಲಗ್ ಹಾಕಿ ಸ್ಕ್ರೂನಲ್ಲಿ ಬಿಗಿಯಿರಿ. ಮಕ್ಕಳು ಹಿಡಿದು ಎಳೆದರೆ ಮುಂದಕ್ಕೆ ಬೀಳಬಾರದು. ಒಂದೊಂದು ಬಾಟಲಿ ಮೇಲೂ ತಳಿ, ಬಿಡಿಸಿದ ತಿಂಗಳು ಬರೆದು ಅಂಟಿಸಿ.

ಪಾಠ 3: ಈರುಳ್ಳಿ ರ‍್ಯಾಕು

ಮನೆ ಖರ್ಚಿನ ಈರುಳ್ಳಿ, ಬೆಳ್ಳುಳ್ಳಿಗೆ ಇದು ಸಾಕು. ಸಾಮಗ್ರಿ: 2 ಇಂಚು ಚದರದ ಕಾಲು, 3 ಅಡಿಯ ನಾಲ್ಕು. 2×1 ಇಂಚಿನ ರೀಪು ಸುಮಾರು 80 ಅಡಿ.

ಮುಂದೆ ಹಿಂದೆ 36 ಇಂಚಿನ ರೀಪು, ಎರಡು ಕೊನೆಗೆ 18 ಇಂಚಿನ ರೀಪು. ಎಲ್ಲ ಕಾಲಿನ ಹೊರಮೈಗೆ, 2 ಇಂಚಿನ ಅಗಲ ನಿಂತ ಹಾಗೆ, ಕೂಡಿಕೆಗೆ ಎರಡೆರಡು ಸ್ಕ್ರೂ. ಮೊದಲ ಅಂತಸ್ತು ನೆಲದಿಂದ 12 ಇಂಚಿಗೆ, ಎರಡನೆಯದು 26 ಇಂಚಿಗೆ. ಆಯಾ ಚೌಕಟ್ಟಿನ ಮೇಲೆ 18 ಇಂಚಿನ ಅಡ್ಡ ರೀಪು ಹನ್ನೊಂದು, ಮುಕ್ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ ಸಂದು ಬಿಟ್ಟು ಹೊಡೆಯಿರಿ. ಅದರ ಮೇಲೆ ಈರುಳ್ಳಿ ನುಸುಳದಷ್ಟು ಸಂದು ಬಿಟ್ಟು ಸುತ್ತ ಇನ್ನೊಂದು ರೀಪು ಬಂದರೆ ಈರುಳ್ಳಿ ಉರುಳಿ ಬೀಳಲ್ಲ. ಹಿಂಬದಿಗೆ ಒಂದು ಓರೆಪಟ್ಟಿ ಕಡ್ಡಾಯ. ಓರೆಪಟ್ಟಿ ಇಲ್ಲದ ರ‍್ಯಾಕು ಭಾರ ಬಿದ್ದಾಗ ಪಕ್ಕಕ್ಕೆ ವಾಲುತ್ತೆ.

ಈರುಳ್ಳಿಯ ದಂಟು ಪೂರ್ತಿ ಒಣಗಿ ಕತ್ತು ಬಿಗಿಯಾದ ಮೇಲೇ ಹಾಕಿ. ಆರಿಂಚಿಗಿಂತ ಎತ್ತರ ಸುರಿಯಬೇಡಿ. ಹಾಗೆ ಹಾಕಿದರೆ ಒಂದು ಅಂತಸ್ತಿಗೆ 30 ಕೆಜಿ ಆಸುಪಾಸು ಹಿಡಿಯುತ್ತೆ, ಮೇಲಿನ ಸಾಲಿನಿಂದಲೇ ಕೆಟ್ಟಿದ್ದನ್ನು ಕಂಡು ತೆಗೀಬಹುದು. ಆಲೂಗಡ್ಡೆಯನ್ನು ಇದರ ಜೊತೆ ಇಡಬೇಡಿ. ಅದರಿಂದ ಹೊರಡೋ ತೇವ ಈರುಳ್ಳಿಗೆ ಆಗಲ್ಲ. ಆಲೂಗಡ್ಡೆಗೆ ಕತ್ತಲೆಯೂ ಬೇಕು, ಬೆಳಕು ಬಿದ್ದು ಹಸಿರಾದ ಗೆಡ್ಡೆಯಲ್ಲಿ ಸೊಲನೈನ್ ಅನ್ನೋ ವಿಷ ಇರುತ್ತೆ. ಅದಕ್ಕೆ ಇಂಥದ್ದೇ ಇನ್ನೊಂದು ಚಿಕ್ಕ ರ‍್ಯಾಕು ಮಾಡಿ ಗೋಣಿ ಹೊದಿಸಿ.

ಇನ್ನೊಂದು ವಿಷಯ: ಮರದ ರ‍್ಯಾಕು ಇಲಿ ತಡೆಯಲ್ಲ. ರಾಗಿ, ಬೇಳೆ, ಕಾಳಿಗೆ ತಗಡಿನ ಡ್ರಮ್ಮೇ ಸರಿ. ಡ್ರಮ್ಮನ್ನೂ ನೆಲಕ್ಕೆ ಇಡದೆ ಉಳಿದ ರೀಪಿನಲ್ಲಿ ಒಂದು ಮಣೆ ಮಾಡಿ ಅದರ ಮೇಲಿಡಿ.

ಗೆದ್ದಲು, ಕುಟ್ಟೆ, ಎಣ್ಣೆ

ಗೆದ್ದಲು ನೆಲದಿಂದ ಬರುತ್ತೆ. ಕಾಲಿನ ಕೆಳಗೆ ಕಡಪ ಕಲ್ಲಿನ ಚೂರು ಕೊಡಿ, ಗೋಡೆಯಿಂದ ಎರಡು ಬೆರಳಾದರೂ ದೂರ ಇಡಿ, ವಾರಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡಿ. ಮಣ್ಣಿನ ಗೆರೆ ಕಂಡರೆ ಅಲ್ಲೇ ಕೆರೆದು ಹಾಕಬಹುದು. ಕಾಲಿನ ತಳಕ್ಕೆ ಗೇರುಸಿಪ್ಪೆಯ ಎಣ್ಣೆ ಬಳಿಯೋ ರೂಢಿ ಕರಾವಳಿಯಲ್ಲಿದೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತೆ, ಗ್ಲೌಸ್ ಹಾಕಿಕೊಳ್ಳಿ. ಆಹಾರ ತಾಗೋ ಭಾಗಕ್ಕೆ ಬಳಿಯಬೇಡಿ.

ಕುಟ್ಟೆ ಹುಳ ಮರದ ಒಳಗೇ ಇರುತ್ತೆ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅದೇ. ಮಾವು, ಸಿಲ್ವರ್ ಓಕ್‌ನ ಹೊರಗಿನ ಬಿಳಿ ಭಾಗಕ್ಕೆ ಬೇಗ ಬೀಳುತ್ತೆ. ಒಂದು ಲೀಟರ್ ಬಿಸಿ ನೀರಿಗೆ 30 ಗ್ರಾಂ ಬೊರಾಕ್ಸ್, 20 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಹಲಗೆ ಸೀಳಿಸಿ ತಂದ ದಿನವೇ ಹಸಿ ಇರುವಾಗ ಅದರಲ್ಲಿ ನೆನೆಸಿದರೆ ಒಳಕ್ಕೆ ಇಳಿಯುತ್ತೆ. ಮಳೆ ಬೀಳೋ ಕಡೆ ತೊಳೆದು ಹೋಗುತ್ತೆ, ಮನೆಯೊಳಗಿನ ಸಾಮಾನಿಗೆ ಮಾತ್ರ. ಈರುಳ್ಳಿ ತಾಗೋ ರೀಪಿಗೆ ಬೇಡ. ಮಕ್ಕಳ ಕೈಗೆ ಸಿಗದಂತೆ ಇಡಿ. ಸಾವಯವ ಪ್ರಮಾಣಪತ್ರ ಇರೋರು ಬಳಸೋ ಮುಂಚೆ ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿಕೊಳ್ಳಿ.

ಮಣೆಗೆ, ಶೆಲ್ಫಿಗೆ ಉಪ್ಪುಕಾಗದ ಉಜ್ಜಿ ಎರಡು ಸಲ ಅಗಸೆ ಎಣ್ಣೆ ಒರೆಸಿದರೆ ಸಾಕು. ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಆರುವಾಗ ಬಿಸಿ ಹುಟ್ಟಿ, ಮುದ್ದೆಯಾದ ಬಟ್ಟೆಗೆ ತಾನಾಗೇ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಹಾಕಿ. ಈರುಳ್ಳಿ ರ‍್ಯಾಕಿಗೆ ಎಣ್ಣೆಯೂ ಬೇಡ, ಬರೀ ಮರ ಚೆನ್ನ.

ಈ ವಾರದ ಕೆಲಸ

ಇವತ್ತೇ ಮರ ತರೋಕೆ ಓಡಬೇಡಿ. ಮೊದಲು ಮನೆಯ ದಾಸ್ತಾನು ಕೋಣೆಗೆ ಹೋಗಿ, ನೆಲಕ್ಕೆ ತಾಗಿರೋದು ಏನೇನು, ಗೋಡೆಗೆ ಒರಗಿರೋದು ಏನೇನು ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಪ್ರತಿ ಬೀಜದಿಂದ ಇಪ್ಪತ್ತು ಕಾಳು ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ಪರೀಕ್ಷೆ ಮಾಡಿ. ಎಷ್ಟು ಮೊಳೆತವೋ ಅದನ್ನು ಐದರಿಂದ ಗುಣಿಸಿದರೆ ಶೇಕಡಾ ಬರುತ್ತೆ. ಆ ಅಂಕಿ ನೋಡಿದ ಮೇಲೆ ಮೂರರಲ್ಲಿ ಯಾವುದು ಮೊದಲು ಬೇಕು ಅಂತ ನಿಮಗೇ ತಿಳಿಯುತ್ತೆ. ಆದರೂ ಕೈ ಪಳಗೋಕೆ ಮಣೆಯಿಂದಲೇ ಶುರು ಮಾಡಿ, ಒಂದು ಭಾನುವಾರ ಸಾಕು. ಕೂಡಿಕೆಯಲ್ಲಿ ಏನಾದರೂ ಅನುಮಾನ ಬಂದರೆ ನಿಮ್ಮೂರಿನ ಆಚಾರ್ರ ಹತ್ತಿರ ಹೋಗಿ ಕೇಳಿ. ಮಾಡಿದ ಮಣೆಯನ್ನು ತಗೊಂಡೇ ಹೋಗಿ, ತಿರುಗಿಸಿ ನೋಡಿ ಎಲ್ಲಿ ಬಿಗಿ ಸಾಲದು ಅಂತ ತೋರಿಸಿಕೊಡ್ತಾರೆ. ಆ ಮಾತು ಯಾವ ವಿಡಿಯೋದಲ್ಲೂ ಸಿಗಲ್ಲ.